ಗಣಿಯ ದಿಬ್ಬಗಳೂ ಗಾಳಿಯ ಇಂಗಾಲವೂ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಥೆಟ್‌ಫರ್ಡ್ ಮೈನ್ಸ್ ಎಂಬ ಊರಿನ ಸುತ್ತ, ಒಂದು ಶತಮಾನಕ್ಕೂ ಹೆಚ್ಚು ಕಾಲ ಕಲ್ನಾರಿನ ಕಲ್ಲನ್ನು ಅಗೆದು, ಅರೆದು, ನಾರನ್ನು ಬೇರ್ಪಡಿಸಿಕೊಂಡು, ಉಳಿದ ಪುಡಿಯನ್ನು ಹೊರಚೆಲ್ಲುತ್ತ ಬಂದುದರ ಫಲವಾಗಿ, ಬೂದುಬಣ್ಣದ ಕೃತಕ ಬೆಟ್ಟಗಳ ಸಾಲೇ ಎದ್ದು ನಿಂತಿದೆ. ಚಳಿಗಾಲದಲ್ಲಿ ಆ ಸೀಮೆಯೆಲ್ಲ ಹೆಪ್ಪುಗಟ್ಟಿರುವಾಗ ಈ ಬೆಟ್ಟಗಳ ಮೈಯಿಂದ ಅಲ್ಲಲ್ಲಿ ಬೆಚ್ಚನೆಯ ಗಾಳಿ ಹೊರಸೂಸುತ್ತಿರುತ್ತದೆ. ಲಾವಾಲ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಆ ಗಾಳಿಯನ್ನು ಹಿಡಿದು ಪರೀಕ್ಷಿಸಿದಾಗ, ಹೊರಗಣ ವಾಯುಮಂಡಲದಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು 390 ಪಾಲಿನಷ್ಟಿದ್ದ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಹತ್ತು ಪಾಲಿಗೂ ಕಡಮೆಯಾಗಿರುವುದು ಕಂಡುಬಂದಿತು. ಅಲ್ಲಿ ಯಾರೂ ಯಂತ್ರವನ್ನು ಹೂಡಿರಲಿಲ್ಲ. ಗುಡ್ಡದ ಬುಡದಲ್ಲಿ ಒಳಹೊಕ್ಕ ಗಾಳಿಯು ಪುಡಿಯ ಸಂದುಗಳಲ್ಲಿ ಮೇಲೇರುತ್ತ ಬರುವಷ್ಟರಲ್ಲಿ ತನ್ನಲ್ಲಿದ್ದ ಆ ಅನಿಲವನ್ನು ಕಲ್ಲಿಗೆ ಒಪ್ಪಿಸಿ, ಆ ಸಂಯೋಗದಲ್ಲಿ ಹುಟ್ಟಿದ ಕಾವನ್ನು ತಾನು ಹೊತ್ತುಕೊಂಡು ಹೊರಬೀಳುತ್ತಿತ್ತು. 2012ರಲ್ಲಿ ಪ್ರಕಟವಾದ ಈ ಶೋಧನೆಯನ್ನು ಓದಿದವರಿಗೆ, ಕಸವೆಂದು ನಾವು ಬಿಸುಟ ವಸ್ತುವೊಂದು ನಮ್ಮ ಕಾಲದ ಅತ್ಯಂತ ಕಠಿಣವಾದ ಸಮಸ್ಯೆಯ ಒಂದು ಅಂಚನ್ನು ತಾನಾಗಿಯೇ ಬಿಡಿಸತೊಡಗಿದೆಯಲ್ಲ ಎಂಬ ವಿಸ್ಮಯ ಉಂಟಾಗದೆ ಇರದು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿರುವ ಆ ಸಮಸ್ಯೆಯ ಪ್ರಮಾಣ ಓದುಗರಿಗೆ ವಿದಿತವೇ ಆಗಿದೆ. ಯಂತ್ರಯುಗಕ್ಕೆ ಮುನ್ನ ಹತ್ತು ಲಕ್ಷಕ್ಕೆ 280 ಪಾಲಿನಷ್ಟಿದ್ದ ಈ ಅನಿಲ, ಅಂದರೆ ಇಂಗಾಲಾಮ್ಲ ವಾಯು, ಈಗ 420ನ್ನು ಮೀರಿದೆ. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳನ್ನು ಸುಟ್ಟು ಮಾನವಕುಲವು ವರ್ಷಂಪ್ರತಿ ಸುಮಾರು 3,700 ಕೋಟಿ ಟನ್ನುಗಳಷ್ಟನ್ನು ಗಾಳಿಗೆ ಸೇರಿಸುತ್ತಿದೆ. ಸುಡುವುದನ್ನು ಕಡಮೆ ಮಾಡುವುದೇ ಪ್ರಥಮ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಕ್ಕು, ಸಿಮೆಂಟುಗಳಂತಹ ಉದ್ಯಮಗಳು ನಾಳೆಯೇ ನಿಲ್ಲತಕ್ಕವಲ್ಲ. ಈಗಾಗಲೇ ಗಾಳಿಯಲ್ಲಿ ಸೇರಿಹೋದದ್ದು ಶತಮಾನಗಳವರೆಗೆ ಅಲ್ಲಿಯೇ ಉಳಿಯತಕ್ಕದ್ದು. ಆದುದರಿಂದ ಆ ವಾಯುವನ್ನು ಹಿಡಿದು, ಮತ್ತೆ ತಪ್ಪಿಸಿಕೊಳ್ಳದಂತೆ ಎಲ್ಲಿಯಾದರೂ ಬಂಧಿಸಿಡುವ ಉಪಾಯಗಳನ್ನು ವಿಜ್ಞಾನವು ಅರಸುತ್ತಿದೆ. ಅವುಗಳಲ್ಲಿ ಅತ್ಯಂತ ನಿಶ್ಚಿಂತವಾದುದು ಅದನ್ನು ಕಲ್ಲಾಗಿಸುವುದು. ಏಕೆಂದರೆ ಕಲ್ಲಾದ ಇಂಗಾಲಕ್ಕೆ ಕಾವಲುಗಾರ ಬೇಕಿಲ್ಲ.

ಈ ವಿದ್ಯೆಯ ಮೂಲತತ್ತ್ವ ನಮಗೆ ಅಪರಿಚಿತವಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ನೋಡದವರು ವಿರಳ. ಹಬ್ಬದ ಮುನ್ನ ಗೋಡೆಗೆ ಬಳಿದ ಸುಣ್ಣವು ಮೊದಲು ಮಂಕಾಗಿದ್ದು, ದಿನ ಕಳೆದಂತೆ ಗಟ್ಟಿಯಾಗಿ ಬೆಳಗುವುದೂ, ಗಾರೆಯ ಗೋಡೆ ತಲೆಮಾರುಗಳ ಕಾಲ ಬಿಗಿಯಾಗುತ್ತಲೇ ಹೋಗುವುದೂ ಇದೇ ಕ್ರಿಯೆಯಿಂದ. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗುತ್ತದೆ. ಸ್ಕಾಟ್ಲೆಂಡಿನ ರಸಾಯನಜ್ಞ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಯೋಗಗಳಲ್ಲಿ ಮೆಗ್ನೀಷಿಯದ ಬಿಳಿಯ ಪುಡಿಯನ್ನು ಕಾಯಿಸಿ, ಅದು ತೂಕ ಕಳೆದುಕೊಳ್ಳುವುದನ್ನು ತಕ್ಕಡಿಯಲ್ಲಿ ಅಳೆದು, ಕಳೆದುಹೋದದ್ದು ಘನವಸ್ತುವಿನೊಳಗೆ ಬಂಧಿತವಾಗಿದ್ದ ಒಂದು ವಾಯುವೆಂದು ಸ್ಥಾಪಿಸಿದ. ಇಂದಿನವರು ಮಾಡಹೊರಟಿರುವುದು ಬ್ಲ್ಯಾಕನ ಪ್ರಯೋಗವನ್ನು ಹಿಂದುಮುಂದಾಗಿ ನಡೆಸುವುದೇ ಆಗಿದೆ.

ಹಾಗಾದರೆ ಸುಣ್ಣವನ್ನೇ ಬೇಕಾದಷ್ಟು ಸುಟ್ಟು ಗಾಳಿಗೆ ಹರಡಬಹುದಲ್ಲವೆ ಎಂದು ಯಾರಾದರೂ ಕೇಳಿಯಾರು. ನೂರು ಕಿಲೋಗ್ರಾಂ ಶುದ್ಧ ಸುಣ್ಣದಕಲ್ಲನ್ನು ಗೂಡಿನಲ್ಲಿ ಬೇಯಿಸಿದರೆ 56 ಕಿಲೋಗ್ರಾಂ ಸುಣ್ಣವೂ 44 ಕಿಲೋಗ್ರಾಂ ಇಂಗಾಲಾಮ್ಲವೂ ಬರುತ್ತವೆ. ಆ ಸುಣ್ಣವು ಎಷ್ಟು ಹೀರಿದರೂ ಆ 44 ಕಿಲೋಗ್ರಾಂಗಳಿಗಿಂತ ಹೆಚ್ಚು ಹೀರಲಾರದು; ಗೂಡಿಗೆ ಉರಿಸಿದ ಸೌದೆ ಕಲ್ಲಿದ್ದಲುಗಳ ಹೊಗೆ ಬೇರೆ. ಇಲ್ಲಿ ಲಾಭವೆಂಬುದೇ ಇಲ್ಲ. ಲಾಭ ಬರಬೇಕಾದರೆ, ಹಿಂದೆಂದೂ ಇಂಗಾಲಾಮ್ಲದೊಡನೆ ಕೂಡಿರದ ಸುಣ್ಣಾಂಶವನ್ನಾಗಲಿ ಮೆಗ್ನೀಷಿಯಾಂಶವನ್ನಾಗಲಿ ಪ್ರಕೃತಿಯಲ್ಲಿಯೇ ಹುಡುಕಬೇಕು. ಅದು ದೊರೆಯುವುದು ಸಿಲಿಕೇಟ್ ಶಿಲೆಗಳಲ್ಲಿ. ವಿಶೇಷವಾಗಿ ಭೂಗರ್ಭದ ಆಳದಿಂದ ಮೇಲಕ್ಕೆ ಬಂದ, ಆಲಿವೀನ್, ಸರ್ಪೆಂಟೈನ್ ಎಂಬ ಖನಿಜಗಳಿಂದ ಕೂಡಿದ, ಹಸಿರುಗಪ್ಪು ಬಣ್ಣದ ಭಾರವಾದ ಕಲ್ಲುಗಳಲ್ಲಿ. ಶುದ್ಧ ಸರ್ಪೆಂಟೈನಿನ ಒಂದು ಟನ್ ಪೂರ್ಣವಾಗಿ ಪರಿವರ್ತನೆ ಹೊಂದಿದರೆ ಸುಮಾರು 475 ಕಿಲೋಗ್ರಾಂ ಇಂಗಾಲಾಮ್ಲವನ್ನು ಮೆಗ್ನಸೈಟ್ ಎಂಬ ಬಿಳಿಯ ಖನಿಜವಾಗಿ ಕಟ್ಟಿಹಾಕಬಲ್ಲುದು. ಮಳೆಯ ನೀರಿನಲ್ಲಿ ಕರಗಿದ ಈ ವಾಯುವು ಇಂತಹ ಶಿಲೆಗಳನ್ನು ಸವೆಸಿ ತಾನೂ ಶಿಲೆಯಾಗುವ ವ್ಯಾಪಾರವೇ ಭೂಮಿಯ ಹವೆಯನ್ನು ಯುಗಯುಗಾಂತರಗಳಿಂದ ಹಿಡಿತದಲ್ಲಿಟ್ಟಿದೆ ಎಂಬ ವಿಚಾರವನ್ನು ಅಮೆರಿಕದ ಹೆರಾಲ್ಡ್ ಯೂರಿ 1952ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಅದನ್ನು ಮಾನವ ಪ್ರಯತ್ನದಿಂದ ತ್ವರೆಗೊಳಿಸಬಹುದೆಂದು ವಾಲ್ಟರ್ ಸೈಫ್ರಿಟ್ಸ್ 1990ರಲ್ಲಿ ಸೂಚಿಸಿದ. ಕ್ಲೌಸ್ ಲ್ಯಾಕ್ನರ್ ಮತ್ತು ಸಂಗಡಿಗರು 1995ರಲ್ಲಿ ಆ ಸೂಚನೆಗೆ ಲೆಕ್ಕಾಚಾರದ ಬಲ ಕೊಟ್ಟರು.

ಆದರೆ ಪ್ರಕೃತಿಗೆ ಲಕ್ಷಾಂತರ ವರ್ಷಗಳ ಅವಕಾಶವುಂಟು, ನಮಗೆ ಇಲ್ಲ. ಅಮೆರಿಕದ ಆಲ್ಬನಿ ಸಂಶೋಧನಾ ಕೇಂದ್ರದವರು ಆಲಿವೀನನ್ನು ನುಣ್ಣಗೆ ಅರೆದು, 185 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾಯುಮಂಡಲದ ನೂರೈವತ್ತರಷ್ಟು ಒತ್ತಡದಲ್ಲಿ ಇಂಗಾಲಾಮ್ಲದೊಡನೆ ಕೂಡಿಸಿ ಗಂಟೆಗಳಲ್ಲಿ ಕಲ್ಲಾಗಿಸಿ ತೋರಿಸಿದರು. ಆದರೆ ಅಗೆಯಲು, ಸಾಗಿಸಲು, ಅರೆಯಲು, ಕಾಯಿಸಲು ಬೇಕಾಗುವ ಶಕ್ತಿಯ ವೆಚ್ಚವೇ ಆ ಮಾರ್ಗಕ್ಕೆ ಅಡ್ಡವಾಯಿತು. ಗಣಿಯ ತ್ಯಾಜ್ಯದ ಮಹತ್ತ್ವ ತಿಳಿಯುವುದು ಈ ಘಟ್ಟದಲ್ಲಿಯೇ. ನಿಕ್ಕಲ್ಲಿಗಾಗಿಯೋ ಕ್ರೋಮೈಟಿಗಾಗಿಯೋ ವಜ್ರಕ್ಕಾಗಿಯೋ ಕಲ್ಲನ್ನು ಈಗಾಗಲೇ ಅಗೆದಾಗಿದೆ, ಹಿಟ್ಟಿನಷ್ಟು ನುಣ್ಣಗೆ ಅರೆದಾಗಿದೆ. ಅದಕ್ಕೆ ಬೇಕಾದ ವಿದ್ಯುತ್ತಿನ ಬೆಲೆಯನ್ನು ಆ ಸರಕು ಕೊಂಡವರು ತೆತ್ತಾಗಿದೆ. ಉಳಿದ ಪುಡಿಯು ಅಪಾರವಾದ ಮೇಲ್ಮೈಯನ್ನು ತೆರೆದುಕೊಂಡು ಬಿಸಿಲಿನಲ್ಲಿ ಬಿದ್ದಿದೆ.

ಪಶ್ಚಿಮ ಆಸ್ಟ್ರೇಲಿಯದ ಮರುಸೀಮೆಯಲ್ಲಿರುವ ಮೌಂಟ್ ಕೀತ್ ಎಂಬ ನಿಕ್ಕಲ್ ಗಣಿಯು ಈ ವಿಷಯದಲ್ಲಿ ಅತ್ಯಂತ ಕೂಲಂಕಷವಾಗಿ ಪರೀಕ್ಷಿತವಾದ ಸ್ಥಳಗಳಲ್ಲಿ ಒಂದು. ಅಲ್ಲಿ ನಿಕ್ಕಲ್ಲನ್ನು ತೆಗೆದುಕೊಂಡ ಬಳಿಕ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಅರೆದ ಕಲ್ಲನ್ನು ಉಪ್ಪುನೀರಿನೊಡನೆ ಕೆಸರಾಗಿಸಿ ಬಯಲಿಗೆ ಹರಿಸುತ್ತಿದ್ದರು. ಕೆಸರು ಒಣಗಿದ ಮೇಲೆ, ತಿಂಗಳುಗಳು ಕಳೆಯುವಷ್ಟರಲ್ಲಿ, ಅದರ ಮೇಲೆ ಹೈಡ್ರೋಮೆಗ್ನಸೈಟ್ ಎಂಬ ಬಿಳಿಯ ಹೊಪ್ಪಳೆ ಏಳುತ್ತಿತ್ತು. ಆದರೆ ಆ ಬಿಳುಪಿನಲ್ಲಿರುವ ಇಂಗಾಲ ಗಾಳಿಯಿಂದಲೇ ಬಂದುದೆನ್ನಲು ಪ್ರಮಾಣವೇನು? ಮೂಲಶಿಲೆಯಲ್ಲಿಯೂ ಪುರಾತನವಾದ ಕಾರ್ಬೊನೇಟ್ ಇರಬಹುದಷ್ಟೆ. ಇಲ್ಲಿ ವಿಜ್ಞಾನಿಗಳು ಸಮಾಧಿಗಳ ಕಾಲನಿರ್ಣಯಕ್ಕೆ ಬಳಸುವ ಇಂಗಾಲ-14ರ ವಿಧಾನವನ್ನೇ ಬಳಸಿದರು. ಗಾಳಿಯಲ್ಲಿ ಈ ವಿಕಿರಣಶೀಲ ಇಂಗಾಲ ಅಲ್ಪಪ್ರಮಾಣದಲ್ಲಿ ಸದಾ ಇರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾದುದರಲ್ಲಿ ಅದು ಎಂದೋ ನಶಿಸಿಹೋಗಿರುತ್ತದೆ. ಮೌಂಟ್ ಕೀತಿನ ಬಿಳಿಯ ಖನಿಜದಲ್ಲಿ ಅದು ಸ್ಪಷ್ಟವಾಗಿ ಕಂಡುಬಂದಿತು. ಆ ಕಸದ ಬಯಲು ವರ್ಷಕ್ಕೆ ಸುಮಾರು 40,000 ಟನ್ ಇಂಗಾಲಾಮ್ಲವನ್ನು, ಅಂದರೆ ಗಣಿಯು ತಾನು ಹೊರಬಿಡುತ್ತಿದ್ದುದರಲ್ಲಿ ಶೇಕಡಾ 11ರಷ್ಟನ್ನು, ಯಾರ ಪ್ರೇರಣೆಯೂ ಇಲ್ಲದೆ ಗಾಳಿಯಿಂದ ಹಿಂತೆಗೆದುಕೊಳ್ಳುತ್ತಿದೆಯೆಂದು 2014ರಲ್ಲಿ ಪ್ರಕಟವಾಯಿತು.

ಈ ಸಂಖ್ಯೆಯನ್ನು ಕಂಡು ಹರ್ಷಿಸುವ ಮುನ್ನ ಅದನ್ನು ಇನ್ನೊಂದು ಬಗೆಯಿಂದ ನೋಡಬೇಕಾಗಿದೆ. ಭಾಗಿಸಿದರೆ, ಟನ್ನು ಪುಡಿಗೆ ಬಂಧಿತವಾದುದು ನಾಲ್ಕು ಕಿಲೋಗ್ರಾಂಗೂ ಕಡಮೆ. ಶುದ್ಧ ಸರ್ಪೆಂಟೈನಿನ ಸಾಮರ್ಥ್ಯವಾದ 475ರ ಮುಂದೆ ಇದು ಶೇಕಡಾ ಒಂದೂ ಅಲ್ಲ. ಪುಡಿಯಲ್ಲಿ ಅಲ್ಪಸ್ವಲ್ಪವಿರುವ ಬ್ರೂಸೈಟ್ ಎಂಬ ಖನಿಜವು ಬೇಗನೆ ಪ್ರತಿಕ್ರಿಯಿಸುತ್ತದೆ, ಅಧಿಕಾಂಶವಾದ ಸರ್ಪೆಂಟೈನ್ ಬಲು ನಿಧಾನವಾಗಿ. ಅದರ ಮೇಲೆ, ಗಾಳಿಯಲ್ಲಿ ಈ ವಾಯುವಿರುವುದೇ ಶೇಕಡಾ 0.04ರಷ್ಟು, ಅದು ಒದ್ದೆಯಾದ ಪುಡಿಯ ಆಳಕ್ಕೆ ಇಳಿಯುವುದು ಕಷ್ಟ, ಮೇಲ್ಪದರವು ಹೊಪ್ಪಳೆಗಟ್ಟಿದೊಡನೆ ಕೆಳಗಿನದಕ್ಕೆ ದಾರಿ ಮುಚ್ಚಿಹೋಗುತ್ತದೆ. ಆದುದರಿಂದಲೇ ಈಗಿನ ಪ್ರಯೋಗಗಳೆಲ್ಲ ಪುಡಿಯನ್ನು ತೆಳುವಾಗಿ ಹರಡುವುದು, ಆಗಾಗ ಉತ್ತು ಮಗುಚುವುದು, ಕಾರ್ಖಾನೆಯ ಹೊಗೆಯನ್ನು ಕೊಳವೆಗಳ ಮೂಲಕ ದಿಬ್ಬದ ಒಳಗೆ ಹಾಯಿಸುವುದು, ತೇವವನ್ನು ಹದವಾಗಿಡುವುದು ಎಂಬ ಕೃಷಿಕಾರ್ಯಗಳ ಸುತ್ತ ನಡೆಯುತ್ತಿವೆ. ವೈಭವವಿಲ್ಲದ ಕೆಲಸಗಳಿವು; ಆದರೆ ಶೇಕಡಾ ಒಂದನ್ನು ಹತ್ತಾಗಿಸುವುದು ಇವುಗಳಿಂದಲೇ ಸಾಧ್ಯವೆಂದು ನನ್ನ ನಂಬಿಕೆ.

ಗಣಿಯ ಪುಡಿಯಿಂದ ಕಾರ್ಖಾನೆಯ ಶೇಷಕ್ಕೆ ಬರೋಣ. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯುಮಿನಾ ತೆಗೆಯುವ ವಿಧಾನವನ್ನು ಕಾರ್ಲ್ ಜೋಸೆಫ್ ಬೇಯರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದಂದಿನಿಂದ, ಪ್ರತಿಯೊಂದು ಟನ್ ಅಲ್ಯುಮಿನಾದೊಡನೆ ಒಂದರಿಂದ ಒಂದೂವರೆ ಟನ್ನಿನಷ್ಟು ಕೆಂಪುಕೆಸರು ಹುಟ್ಟುತ್ತಲೇ ಇದೆ. ಇದರ ಕ್ಷಾರಗುಣ ಎಷ್ಟು ತೀಕ್ಷ್ಣವೆಂಬುದನ್ನು ಹಂಗೆರಿಯ ಆಯ್ಕಾ ಎಂಬಲ್ಲಿ 2010ರ ಅಕ್ಟೋಬರ್ 4ರಂದು ಕಟ್ಟೆಯೊಡೆದು ಹಳ್ಳಿಗಳ ಮೇಲೆ ಹರಿದ ಕೆಸರು ಹತ್ತು ಮಂದಿಯನ್ನು ಬಲಿ ತೆಗೆದುಕೊಂಡು ಜಗತ್ತಿಗೆ ತೋರಿಸಿತು. ನಮ್ಮ ದೇಶದಲ್ಲಿಯೇ 2019ರ ಏಪ್ರಿಲಿನಲ್ಲಿ ಜಾರ್ಖಂಡದ ಮೂರಿಯಲ್ಲಿ ಕೆಸರಿನ ದಿಬ್ಬವೊಂದು ಕುಸಿಯಿತು. ಈ ಕ್ಷಾರವೇ ಆಮ್ಲಗುಣದ ಇಂಗಾಲಾಮ್ಲಕ್ಕೆ ಪ್ರಿಯವಾದ ಆಹಾರ. ಪಶ್ಚಿಮ ಆಸ್ಟ್ರೇಲಿಯದ ಕ್ವಿನಾನಾದಲ್ಲಿ ಆಲ್ಕೋವಾ ಸಂಸ್ಥೆಯು ನೆರೆಯ ಅಮೋನಿಯ ಕಾರ್ಖಾನೆಯಿಂದ ಇಂಗಾಲಾಮ್ಲವನ್ನು ಕೊಳವೆಯಲ್ಲಿ ತರಿಸಿ, ಕೆಸರಿಗೆ ಕೂಡಿಸಿ, ಅದರ ಕ್ಷಾರತೆಯನ್ನು ಪಿಎಚ್ 13ರ ಸಮೀಪದಿಂದ 10.5ರವರೆಗೆ ಇಳಿಸುವ ಏರ್ಪಾಡನ್ನು 2007ರಲ್ಲಿ ಪೂರ್ಣ ಪ್ರಮಾಣದಲ್ಲಿ ಆರಂಭಿಸಿತು. ವರ್ಷಕ್ಕೆ 70,000 ಟನ್ ಬಂಧಿಸಬಲ್ಲೆವೆಂದು ಅದು ತಿಳಿಸಿತ್ತು. ಇಲ್ಲಿ ದೊರೆತ ಮುಖ್ಯ ಪ್ರಯೋಜನ ಇಂಗಾಲದ ಲೆಕ್ಕಕ್ಕಿಂತ ಹೆಚ್ಚಾಗಿ ಕೆಸರಿನ ಉಪಶಮನವೆಂದು ನನಗೆ ತೋರುತ್ತದೆ. ವಿಷವೊಂದು ಸೌಮ್ಯವಾಗುವುದಾದರೆ, ಬಂಧಿತವಾದ ವಾಯುವನ್ನು ಅದರ ಮೇಲಿನ ಬಡ್ಡಿಯೆಂದು ಸ್ವೀಕರಿಸಬಹುದು.

ಉಕ್ಕಿನ ಕುಲುಮೆಗಳಿಂದ ಹೊರಬೀಳುವ ಕಿಟ್ಟದ ಕಥೆ ಇನ್ನೂ ರೋಚಕವಾದದ್ದು. ಇಂಗ್ಲೆಂಡಿನ ಕಂಬ್ರಿಯಾ ಕರಾವಳಿಯ ಡರ್ವೆಂಟ್ ಹೌ ಎಂಬ ಕಡಲತಡಿಯಲ್ಲಿ, ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಕಬ್ಬಿಣ ಉಕ್ಕಿನ ಕಾರ್ಖಾನೆಗಳು 2.7 ಕೋಟಿ ಘನ ಮೀಟರಿನಷ್ಟು ಕಿಟ್ಟವನ್ನು ಸುರಿದುವು. ಗ್ಲಾಸ್ಗೋ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಅಲ್ಲಿಯ ಬಂಡೆಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ವರದಿಯಂತೆ, ಕಡಲ ನೀರೂ ಗಾಳಿಯೂ ತಾಗಿ ಕಿಟ್ಟದೊಳಗಿನ ಸುಣ್ಣಾಂಶ ಮೆಗ್ನೀಷಿಯಾಂಶ ಕಬ್ಬಿಣಾಂಶಗಳು ಕರಗಿ, ಕ್ಯಾಲ್ಸೈಟ್ ಮುಂತಾದ ಖನಿಜಗಳಾಗಿ ಮರಳಿ ಗಟ್ಟಿಗೊಂಡು, ಬಿಡಿಬಿಡಿಯಾಗಿದ್ದ ಚೂರುಗಳನ್ನು ಬೆಸೆದು ನಿಜವಾದ ಬಂಡೆಯನ್ನೇ ನಿರ್ಮಿಸಿವೆ. ಆ ಬಂಡೆಯೊಳಗೆ ಅವರಿಗೆ ಎರಡು ವಸ್ತುಗಳು ದೊರೆತುವು: ಐದನೆಯ ಜಾರ್ಜ್ ದೊರೆಯ ಮುದ್ರೆಯುಳ್ಳ 1934ರ ಒಂದು ನಾಣ್ಯ, ಮತ್ತು 1989ಕ್ಕಿಂತ ಮೊದಲು ತಯಾರಾಗಿರಲು ಸಾಧ್ಯವೇ ಇಲ್ಲದ ವಿನ್ಯಾಸದ, ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಚಿಲಕ. ಬಂಡೆಗಳಾಗಲು ಸಹಸ್ರಾರು, ಲಕ್ಷಾಂತರ ವರ್ಷಗಳು ಬೇಕೆಂದು ಓದಿಕೊಂಡು ಬಂದ ನಮಗೆ, ಹೆಚ್ಚೆಂದರೆ ಮೂವತ್ತೈದು ವರ್ಷಗಳಲ್ಲಿ ಶಿಲೆಯಾದ ಈ ಕಸವು ನಿಜಕ್ಕೂ ಪಾಠ ಹೇಳುತ್ತದೆ.

ಹೀಗಿದ್ದರೂ ಕಿಟ್ಟದ ವಿಷಯದಲ್ಲಿ ಒಂದು ವಿವೇಚನೆಯನ್ನು ಬಿಡಲಾಗದು. ಅದರಲ್ಲಿರುವ ಸುಣ್ಣಾಂಶ ಎಲ್ಲಿಂದ ಬಂತು? ಅದಿರಿನ ಕಲ್ಮಷವನ್ನು ಬೇರ್ಪಡಿಸಲು ಕುಲುಮೆಗೆ ಸೇರಿಸಿದ ಸುಣ್ಣದಕಲ್ಲಿನಿಂದ. ಆ ಸುಣ್ಣದಕಲ್ಲು ಬೆಂದಾಗಲೇ ತನ್ನ ಇಂಗಾಲಾಮ್ಲವನ್ನು ಗಾಳಿಗೆ ಬಿಟ್ಟಿತ್ತು. ಆದಕಾರಣ ಕಿಟ್ಟವು ಗಾಳಿಯಿಂದ ಹೀರಿಕೊಳ್ಳುವುದೆಲ್ಲ, ತೆಗೆದ ಸಾಲವನ್ನು ತೀರಿಸಿದಂತೆಯೇ ಹೊರತು ಹೊಸದಾಗಿ ಸಂಪಾದಿಸಿದಂತಲ್ಲ. ಸರ್ಪೆಂಟೈನ್ ಪುಡಿಯಾದರೋ ಎಂದೂ ಸಾಲಗಾರನಾಗಿರಲಿಲ್ಲ. ಅದು ಬಂಧಿಸಿದ ಪ್ರತಿ ಕಿಲೋಗ್ರಾಂ ಕೂಡ ನಿವ್ವಳ ಗಳಿಕೆ. ಸಾಲ ತೀರಿಸುವುದೂ ಸತ್ಕಾರ್ಯವೇ. ಆದರೆ ಉದ್ಯಮಗಳು ತಮ್ಮ ವಾರ್ಷಿಕ ವರದಿಗಳಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಕೀರ್ತಿ ಪಡೆಯಲು ಹೊರಡುವುದನ್ನು ಓದುಗರು ಎಚ್ಚರಿಕೆಯಿಂದ ಗಮನಿಸತಕ್ಕದ್ದು.

ಜಗತ್ತಿನ ಒಟ್ಟು ಲೆಕ್ಕವೇನು? ಫಿಲ್ ರೆನ್‌ಫೋರ್ತ್ ಮತ್ತು ಸಂಗಡಿಗರು 2011ರಲ್ಲಿ ಮಾಡಿದ ಅಂದಾಜಿನಂತೆ ಮನುಷ್ಯ ವ್ಯಾಪಾರದಿಂದ ವರ್ಷಕ್ಕೆ 700ರಿಂದ 1,700 ಕೋಟಿ ಟನ್ನಿನಷ್ಟು ಸಿಲಿಕೇಟ್ ವಸ್ತುಗಳು ಹುಟ್ಟುತ್ತವೆ. ಅವು ಬಂಧಿಸಬಲ್ಲ ಇಂಗಾಲಾಮ್ಲ ಸುಮಾರು 70ರಿಂದ 120 ಕೋಟಿ ಟನ್. ವಾರ್ಷಿಕ ಉತ್ಸರ್ಜನೆಯಲ್ಲಿ ಇದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಈ ಅಲ್ಪತೆಯನ್ನು ಮುಚ್ಚಿಡುವುದರಿಂದ ಯಾರಿಗೂ ಹಿತವಿಲ್ಲ. ಆದರೆ ನೂರಕ್ಕೆ ನೂರನ್ನು ಒಂದೇ ಉಪಾಯದಿಂದ ಪರಿಹರಿಸುವ ಮಂತ್ರದಂಡ ಎಲ್ಲಿಯೂ ಇಲ್ಲವಾದುದರಿಂದ, ಕಾಲ ಬಳಿ ಬಿದ್ದಿರುವ ಎರಡು ಪಾಲನ್ನು ತಿರಸ್ಕರಿಸುವುದೂ ಯುಕ್ತವಲ್ಲ.

ಇನ್ನು ನಮ್ಮ ನಾಡಿನ ಮಾತು. ಗಣಿಗಳ ನಾಡಾದ ಕರ್ಣಾಟಕದಲ್ಲಿ ತ್ಯಾಜ್ಯದ ದಿಬ್ಬಗಳಿಗೆ ಕೊರತೆಯಿಲ್ಲ; ಆದರೆ ದಿಬ್ಬಗಳೆಲ್ಲ ಒಂದೇ ಅಲ್ಲ. 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಂತ ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಹೂಳು ಬಹುಮಟ್ಟಿಗೆ ಬೆಣಚುಕಲ್ಲಿನ ಪುಡಿ. ಆ ಕಲ್ಲಿನ ಸಿಲಿಕಾ ಇಂಗಾಲಾಮ್ಲವನ್ನು ಮುಟ್ಟುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಅರೆದ ಕಲ್ಲಿದೆ. ಮೂಲಶಿಲೆಯಲ್ಲಿ ಸುಣ್ಣಾಂಶ ಮೆಗ್ನೀಷಿಯಾಂಶಗಳು ಇವೆಯಾದರೂ ಅವು ಹಾರ್ನ್‌ಬ್ಲೆಂಡ್ ಮೊದಲಾದ ಖನಿಜಗಳೊಳಗೆ ಬಿಗಿಯಾಗಿ ಸೆರೆಸಿಕ್ಕಿ, ಸಾಮಾನ್ಯ ಹವೆಯಲ್ಲಿ ಅತಿ ನಿಧಾನವಾಗಿ ಮಾತ್ರ ಹೊರಬರತಕ್ಕವು. ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರದ ಹಾರುಬೂದಿಯೂ, ಭಾರತದ ಕಲ್ಲಿದ್ದಲಿನ ಬೂದಿ ಸಾಮಾನ್ಯವಾಗಿ ಇರುವಂತೆ, ಸುಣ್ಣಾಂಶ ಕಡಮೆಯಾದುದು. ಈ ಮೂರೂ ಪ್ರಮಾಣದಲ್ಲಿ ದೊಡ್ಡವು, ನಮ್ಮ ಕಾರ್ಯಕ್ಕೆ ಒದಗುವುದು ಸ್ವಲ್ಪ.

ಒದಗತಕ್ಕವು ಬೇರೆಯವು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲಿ, ಬೈರಾಪುರದ ಕ್ರೋಮೈಟ್ ಗಣಿಯ ಆಸುಪಾಸಿನಲ್ಲಿ, ಅದಿರಿನ ಜೊತೆಗಾರನಾಗಿ ಬರುವುದು ಡ್ಯೂನೈಟ್ ಮತ್ತು ಸರ್ಪೆಂಟೈನ್ ಶಿಲೆಯೇ. ಅದು ಥೆಟ್‌ಫರ್ಡ್, ಮೌಂಟ್ ಕೀತ್‌ಗಳ ಶಿಲೆಗೆ ಹತ್ತಿರದ ಬಂಧು. ಇಂತಹ ಶಿಲೆ ನಮ್ಮ ನೆಲದಲ್ಲಿ ಇಂಗಾಲಾಮ್ಲವನ್ನು ಹೀರಬಲ್ಲುದೆ ಎಂಬ ಸಂಶಯಕ್ಕೆ ಮೈಸೂರಿನ ಬಳಿಯ ದೊಡ್ಡಕನ್ಯ ಹಾಗೂ ನಂಜನಗೂಡು ತಾಲ್ಲೂಕಿನ ಕಾರ್ಯ ಗ್ರಾಮಗಳ ಬಿಳಿಯ ಮೆಗ್ನಸೈಟ್ ನಾಳಗಳೂ, ನೆರೆಯ ತಮಿಳುನಾಡಿನ ಸೇಲಂ ಸಮೀಪದ ಸೀಮೆಸುಣ್ಣದ ಗುಡ್ಡಗಳೆಂದು ಹೆಸರಾದ ಮೆಗ್ನಸೈಟ್ ಬೆಟ್ಟಗಳೂ ಉತ್ತರ ಹೇಳುತ್ತವೆ. ಅಲ್ಲಿ ಪ್ರಕೃತಿಯೇ ಈ ಕೆಲಸವನ್ನು ಎಂದೋ ಮಾಡಿ ಮುಗಿಸಿದ್ದಾಳೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ವರ್ಷಕ್ಕೆ ಕೋಟಿ ಟನ್ನಿಗೂ ಮೀರಿದ ಸಾಮರ್ಥ್ಯದ ಉಕ್ಕಿನ ಕಾರ್ಖಾನೆಯಿದೆ. ಅದರ ಊದುಕುಲುಮೆಯ ಕಿಟ್ಟವು ಸಿಮೆಂಟಿಗೂ ಮರಳಿಗೆ ಪರ್ಯಾಯವಾಗಿಯೂ ಸಲ್ಲುತ್ತಿದೆ, ಅದು ಹಾಗೆಯೇ ಸಲ್ಲಲಿ. ಸಿಮೆಂಟನ್ನು ಉಳಿಸಿದಷ್ಟೂ ಹೊಗೆ ಉಳಿಯುತ್ತದೆ. ಆದರೆ ಉಕ್ಕು ಮಾಡುವ ಘಟ್ಟದಲ್ಲಿ ಬರುವ ಎರಡನೆಯ ಬಗೆಯ ಕಿಟ್ಟದಲ್ಲಿ ಕೂಡದೆ ಉಳಿದ ಸುಣ್ಣವಿದ್ದು, ನೀರು ತಾಗಿದಾಗ ಉಬ್ಬಿ, ಹಾಸಿದ ರಸ್ತೆಯನ್ನೂ ಕಟ್ಟಿದ ಕಟ್ಟಡವನ್ನೂ ಬಿರಿಯಿಸಬಲ್ಲುದು. ಕಾರ್ಖಾನೆಯ ಹೊಗೆಯಲ್ಲಿಯೇ ಇಂಗಾಲಾಮ್ಲ ಹೇರಳವಾಗಿರುವುದರಿಂದ, ಆ ಹೊಗೆಯನ್ನು ಆ ಕಿಟ್ಟಕ್ಕೆ ಉಣಿಸಿದರೆ ಉಬ್ಬುವ ದೋಷವೂ ನೀಗಿ, ವಾಯುವೂ ಬಂಧಿತವಾಗಿ, ಜಲ್ಲಿಗೆ ಬದಲಾದ ವಸ್ತುವೂ ದೊರೆಯುವುದು. ಕೆನಡಾದಲ್ಲಿ ಸಿಮೆಂಟಿಲ್ಲದೆಯೇ ಕಿಟ್ಟವನ್ನು ಇಂಗಾಲಾಮ್ಲದಲ್ಲಿ ಹದಗೊಳಿಸಿ ಗೋಡೆಯ ಇಟ್ಟಿಗೆಗಳನ್ನು ತಯಾರಿಸುತ್ತಿದ್ದಾರೆ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯ ಕೆಂಪುಕೆಸರಿಗೂ ಕ್ವಿನಾನಾದ ಮಾದರಿ ವಿಚಾರಾರ್ಹವಾದುದು.

ಇವುಗಳ ಜೊತೆಗೆ ಅಪಾಯಗಳನ್ನೂ ಹೇಳದಿದ್ದರೆ ಲೇಖನ ಅಪ್ರಾಮಾಣಿಕವಾದೀತು. ಕ್ರೋಮೈಟ್ ಗಣಿಯ ಪುಡಿಯನ್ನು ಕೆದಕಿ ತೇವಗೊಳಿಸಿದಲ್ಲಿ ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿಗಿಳಿಯಬಹುದು. ಒಡಿಶಾದ ಸುಕಿಂದಾ ಕಣಿವೆ ಆ ವ್ಯಥೆಯನ್ನು ಉಂಡಿದೆ. ಕಲ್ನಾರಿನ ದಿಬ್ಬಗಳ ಧೂಳು ಶ್ವಾಸಕೋಶವನ್ನು ಕೊಲ್ಲುತ್ತದೆ. ಅದನ್ನು ಉತ್ತು ಮಗುಚುವ ಕೂಲಿಯವನ ಉಸಿರಿನ ಬೆಲೆಗೆ ಗಾಳಿಯನ್ನು ಶುದ್ಧಿಗೊಳಿಸುವುದು ನ್ಯಾಯವಲ್ಲ. ಜೊತೆಗೆ ಇನ್ನೊಂದು ಸಂಗತಿ: ಮಾದರಿಯೆಂದು ನಾವು ಎಣಿಸಿದ ಎರಡು ಸ್ಥಳಗಳೂ ಮಾರುಕಟ್ಟೆಯ ಏರಿಳಿತಕ್ಕೆ ಸಿಲುಕಿದುವು. ಕ್ವಿನಾನಾದ ಅಲ್ಯುಮಿನಾ ತಯಾರಿಕೆಯೂ ಮೌಂಟ್ ಕೀತ್ ಸೇರಿದ್ದ ಬಿಎಚ್‌ಪಿ ಸಂಸ್ಥೆಯ ನಿಕ್ಕಲ್ ಉದ್ಯಮವೂ 2024ರಲ್ಲಿ ನಿಂತುವು. ಉದ್ಯಮ ನಿಂತಿತು, ದಿಬ್ಬಗಳು ಹೋಗಲಿಲ್ಲ. ಆದುದರಿಂದ ಈ ಕಾರ್ಯವನ್ನು ಕಂಪೆನಿಗಳ ಔದಾರ್ಯಕ್ಕೆ ಬಿಡದೆ, ದಿಬ್ಬದ ಹೊಣೆ ಯಾರದೆಂಬುದನ್ನು ಗಣಿಯ ಗುತ್ತಿಗೆಯ ಕರಾರಿನಲ್ಲಿಯೇ ಬರೆದಿಡುವುದು ಅವಶ್ಯ.

ಮೊದಲು ಆಗಬೇಕಾದದ್ದು ದೊಡ್ಡ ಯಂತ್ರವಲ್ಲ, ಸಣ್ಣ ಪಟ್ಟಿ. ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳನ್ನು ಸೇರಿಸಿಕೊಂಡು, ಮುಚ್ಚಿದ ಹಾಗೂ ನಡೆಯುತ್ತಿರುವ ಪ್ರತಿಯೊಂದು ಗಣಿಯ, ಪ್ರತಿಯೊಂದು ಕುಲುಮೆಯ ತ್ಯಾಜ್ಯದಲ್ಲಿ ಎಷ್ಟು ಟನ್ ಪುಡಿಯಿದೆ, ಅದರಲ್ಲಿ ಸುಣ್ಣಾಂಶ ಮೆಗ್ನೀಷಿಯಾಂಶಗಳು ಯಾವ ಖನಿಜದ ರೂಪದಲ್ಲಿ ಎಷ್ಟಿವೆ, ವಿಷಲೋಹಗಳು ಎಷ್ಟಿವೆ, ಈಗಾಗಲೇ ತಾನಾಗಿ ಕಾರ್ಬೊನೇಟ್ ಆಗಿರುವುದು ಎಷ್ಟು ಎಂಬುದನ್ನು ಅಳೆದು, ಕನ್ನಡದಲ್ಲಿ ಪ್ರಕಟಿಸಿ, ಆ ದಿಬ್ಬದ ಬುಡದಲ್ಲಿ ವಾಸಿಸುವ ಗ್ರಾಮದವರ ಕೈಗೆ ಕೊಡಲಿ. ಇಷ್ಟು ಕೆಲಸಕ್ಕೆ ಬೇಕಾದ ವಿದ್ಯಾರ್ಥಿಗಳೂ ಅಧ್ಯಾಪಕರೂ ನಮ್ಮಲ್ಲಿದ್ದಾರೆ. ನುಗ್ಗೇಹಳ್ಳಿಯಿಂದಲೇ ಇದನ್ನು ಆರಂಭಿಸಬಹುದು.